ಗಾಜು ಏರದಿದ್ದರೆ ಮೋಟಾರನ್ನೇ ಬೈಯಬೇಡಿ

ನಾವು ಮೂವರು ಸ್ಟ್ರಿಂಜರ್‌ಗಳು ಸೇರಿ ಒಂದು ಹಳೇ ಕಾರು ಇಟ್ಟುಕೊಂಡಿದ್ದೇವೆ. ಪೆಟ್ರೋಲ್, ಪಂಕ್ಚರ್, ರಿಪೇರಿ ಎಲ್ಲಾ ಮೂರು ಪಾಲು. ಸುದ್ದಿಗಿಷ್ಟು ಅಂತ ಲೆಕ್ಕ ಹಾಕಿ ದುಡ್ಡು ಕೊಡುವ ಕೆಲಸ ನಮ್ಮದು. ಹಾಗಾಗಿ ಗ್ಯಾರೇಜಿನಲ್ಲಿ "ಪವರ್ ವಿಂಡೋ ಮೋಟಾರ್ ಹೋಗಿದೆ, ಎರಡೂ ಕಡೆ ಹೊಸದು ಹಾಕ್ಬೇಕು" ಅಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಗಾಜು ಅರ್ಧಕ್ಕೆ ಏರಿ ನಿಲ್ಲುತ್ತಿದ್ದದ್ದು ನಿಜ. ಮಳೆ ಬಂದರೆ ಒಬ್ಬರು ಸ್ವಿಚ್ ಒತ್ತಬೇಕು, ಇನ್ನೊಬ್ಬರು ಅಂಗೈಯಲ್ಲಿ ಗಾಜನ್ನು ಮೇಲಕ್ಕೆ ತಳ್ಳಬೇಕು. ಸ್ವಿಚ್ಚೂ ಬಿಸಿಯಾಗುತ್ತಿತ್ತು. ದುಡ್ಡು ಸುರಿಯುವ ಮುಂಚೆ ಒಮ್ಮೆ ಅಳೆದು ನೋಡೋಣ ಅಂತ ನಮಗೆ ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು.

ಎಂಜಿನ್ ಚಾಲೂ ಇಟ್ಟು ಮೀಟರ್ ಹಿಡಿದರು. ಬ್ಯಾಟರಿಯಲ್ಲಿ 13.8 ವೋಲ್ಟ್. ಗಾಜು ಏರುವಾಗ ಮೋಟಾರಿನ ಹತ್ತಿರ 9.6. ನಾಲ್ಕು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತಿತ್ತು. ಆಮೇಲೆ ಫ್ಯೂಸ್ ಇರುವ ವೈರಿನಿಂದ ಬ್ಯಾಟರಿ ಕರೆಂಟನ್ನು ನೇರ ಮೋಟಾರಿಗೆ ಕೊಟ್ಟರು. ಗಾಜು ಸರ್ರನೆ ಏರಿತು. ಮೋಟಾರಿಗೆ ಏನೂ ಆಗಿರಲಿಲ್ಲ.

ಪಂಪ್‌ಸೆಟ್ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೂರು ಫೇಸ್ ಸ್ಟಾರ್ಟರ್‌ನ ಹಸಿರು ಗುಂಡಿಯೊಳಗೆ ಮೋಟಾರಿನ ಕರೆಂಟ್ ಹರಿಯುವುದಿಲ್ಲ. ಗುಂಡಿ ಕಾಯಿಲ್‌ಗೆ ಅಪ್ಪಣೆ ಕೊಡುತ್ತದೆ, ಕಾಯಿಲ್ ದಪ್ಪ ಕಾಂಟ್ಯಾಕ್ಟುಗಳನ್ನು ಎಳೆದು ಕೂಡಿಸುತ್ತದೆ. ಹಳೇ ಕಾರುಗಳಲ್ಲಿ ಹೀಗಿಲ್ಲ. ಮೋಟಾರ್ ಎಳೆಯುವ ಕರೆಂಟ್ ಪೂರ್ತಿ ಆ ಪುಟ್ಟ ಸ್ವಿಚ್ಚಿನ ಮೂಲಕವೇ ಹೋಗಬೇಕು. ವರ್ಷಗಟ್ಟಲೆ ಕಿಡಿ ಹಾರಿ ಕಾಂಟ್ಯಾಕ್ಟ್ ಕಪ್ಪಾಗುತ್ತದೆ, ವೋಲ್ಟೇಜ್ ಅಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ.

ಇದಕ್ಕೆ ಮದ್ದು ರಿಲೇ. ಒಂದು ಕಿಟಕಿಗೆ ಐದು ಪಿನ್ನಿನವು ಎರಡು ಬೇಕು, ಒಂದು ಏರಿಸಲು, ಇನ್ನೊಂದು ಇಳಿಸಲು. ಮೋಟಾರಿನ ಎರಡು ವೈರು ಎರಡು ರಿಲೇಗಳ 30ನೇ ಪಿನ್ನಿಗೆ. 87ಎ ಅರ್ತಿಂಗಿಗೆ, 87 ಬ್ಯಾಟರಿಯಿಂದ ಬರುವ ಹೊಸ ದಪ್ಪ ವೈರಿಗೆ. ಸ್ವಿಚ್ಚಿನಿಂದ ಮೋಟಾರಿಗೆ ಹೋಗುತ್ತಿದ್ದ ಹಳೇ ವೈರು ಒಂದೊಂದು ರಿಲೇಯ 86ಕ್ಕೆ, 85 ಅರ್ತಿಂಗಿಗೆ. ಸ್ವಿಚ್ ಒತ್ತದಿದ್ದಾಗ ಮೋಟಾರಿನ ಎರಡು ತುದಿಯೂ ಅರ್ತಿಂಗಿನಲ್ಲಿರುತ್ತವೆ. ಒತ್ತಿದಾಗ ಒಂದು ತುದಿಗೆ ಮಾತ್ರ ಕರೆಂಟ್ ಬರುತ್ತದೆ. ಈಗ ಸ್ವಿಚ್ಚಿನಲ್ಲಿ ಹರಿಯುವುದು ಕಾಲು ಆಂಪಿಯರಿಗಿಂತ ಕಡಿಮೆ.

ನಾವು 2.5 ಚದರ ಮಿಲಿಮೀಟರ್ ವೈರು ಎಳೆಸಿದೆವು, ಬ್ಯಾಟರಿಯ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್ ಹಾಕಿಸಿದೆವು. ಫ್ಯೂಸ್ ಇಲ್ಲದ ವೈರು ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಬೆಂಕಿಯೇ. ಎಲ್ಲಾ ಸೇರಿ ಹೊಸ ಮೋಟಾರುಗಳ ಬೆಲೆಯ ಕಾಲುಭಾಗವೂ ಆಗಲಿಲ್ಲ. ಈಗ ಮೋಟಾರಿನ ಹತ್ತಿರ 13 ವೋಲ್ಟ್ ಬರುತ್ತಿದೆ.

ಆದರೆ ರಿಲೇ ಎಲ್ಲ ಕಾಯಿಲೆಗೂ ಔಷಧಿಯಲ್ಲ. ಗಾಜು ಜಾರುವ ರಬ್ಬರ್ ಗಟ್ಟಿಯಾಗಿದ್ದರೆ, ಮಣ್ಣು ತುಂಬಿದ್ದರೆ ಮೊದಲು ಅದನ್ನು ಸ್ವಚ್ಛ ಮಾಡಿ ಸಿಲಿಕಾನ್ ಸ್ಪ್ರೇ ಹಾಕಿ. ಬಾಗಿಲು ಮಡಚುವ ಜಾಗದಲ್ಲಿ ವೈರು ತುಂಡಾಗಿದೆಯಾ ನೋಡಿ. ಸ್ವಿಚ್ಚು ಕಂಪ್ಯೂಟರಿನ ಮೂಲಕ ಕೆಲಸ ಮಾಡುವ ಹೊಸ ಕಾರುಗಳಲ್ಲಿ ಇದನ್ನು ಮಾಡಿಸಲೇಬೇಡಿ.

ಇನ್ನೊಂದು ಮಾತು, ಇದೇ ಎಲ್ಲಕ್ಕಿಂತ ದೊಡ್ಡದು. ಮೊದಲು ನಮ್ಮ ಕಾರಿನ ಗಾಜನ್ನು ಕೈಯಲ್ಲಿ ತಡೆಯಬಹುದಿತ್ತು, ಈಗ ಆಗುವುದಿಲ್ಲ. ಅಡ್ಡ ಸಿಕ್ಕಿದರೆ ತಾನೇ ಹಿಂದಕ್ಕೆ ಇಳಿಯುವ ಏರ್ಪಾಡು ಇಂಥ ಹಳೇ ಕಾರಿನಲ್ಲಿ ಇಲ್ಲ. ಮಕ್ಕಳು ಕಿಟಕಿಯಿಂದ ತಲೆ ಹೊರಗೆ ಹಾಕಿರುತ್ತಾರೆ, ಮೊಣಕಾಲು ಸ್ವಿಚ್ಚಿನ ಮೇಲಿರುತ್ತದೆ. ಅದಕ್ಕೇ ಸ್ವಿಚ್ಚಿಗೆ ಬರುವ ಕರೆಂಟನ್ನು ನಾವು ಕೀ ಆನ್ ಆದಾಗ ಮಾತ್ರ ಬರುವ ಹಳೇ ಲೈನಿನಲ್ಲೇ ಉಳಿಸಿದ್ದೇವೆ. ಟೀ ಕುಡಿಯಲು ಇಳಿದರೂ ಕೀ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇವೆ. ನೀವೂ ಹಾಗೇ ಮಾಡಿ.