ಎಡೆಯಲ್ಲಿ ಉಳಿದ ತುತ್ತು

ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯ ಶರಣರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ಮನೆಗೆ ಬಂದರು. ಸತಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದ್ದು ನಮ್ಮದಲ್ಲವೆಂದು ಹೇಳಿ, ತಂದ ಜಾಗದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಮರಳಿ ಕಳುಹಿಸಿದರು. ಈ ಪ್ರಸಂಗವನ್ನು ಪ್ರವಚನಗಳಲ್ಲಿ ಧನಸಂಗ್ರಹದ ಆಸೆಗೆ ಹಾಕಿದ ಕಡಿವಾಣವೆಂದು ವಿವರಿಸುವುದು ವಾಡಿಕೆ. ಕಿರಿಮಂಜೇಶ್ವರದಲ್ಲಿ ನೆಲೆಸಿರುವ ಒಬ್ಬ ಶಿಕ್ಷಕಿಯೂ ಬಾಲ್ಯದಿಂದ ಹಾಗೆಯೇ ಕೇಳಿ ಬಂದವರು. ಅದು ಹೊಟ್ಟೆಗೂ ಸಂಬಂಧಿಸಿದ ಮಾತೆಂದು ಅವರಿಗೆ ತಿಳಿದದ್ದು ತಮ್ಮ ಜಠರದ ಬಹುಭಾಗವನ್ನು ವೈದ್ಯರು ಕತ್ತರಿಸಿ ತೆಗೆದ ಮೇಲೆ.

ಆ ತಾಯಿಯ ಹೆಸರು ಇಲ್ಲಿ ಬೇಡ. ಅವರ ತವರು ಘಟ್ಟದ ಮೇಲಿನ ಹಾವೇರಿಯ ಸೀಮೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಗೋದಿಯ ಹುಗ್ಗಿ ಉಂಡು ಬೆಳೆದವರು. ಶಿಕ್ಷಕಿಯಾಗಿ ಕರಾವಳಿಗೆ ಇಳಿದು, ಅಗಸ್ತ್ಯೇಶ್ವರನ ಸನ್ನಿಧಿಯಿರುವ, ಒಂದು ಮಗ್ಗುಲಿಗೆ ಹೆದ್ದಾರಿಯೂ ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರವೂ ಇರುವ ಈ ಊರಿನಲ್ಲಿ ಮನೆ ಮಾಡಿದರು. ಕೆಳದಿಯ ಶರಣ ಅರಸರ ಆಳ್ವಿಕೆ ಈ ಕರಾವಳಿಯ ಮೇಲೆ 1763ರವರೆಗೂ ಇತ್ತಾದರೂ ಇಂದು ಈ ಭಾಗದಲ್ಲಿ ಲಿಂಗವಂತರ ಮನೆಗಳು ವಿರಳ. ನೆರೆಯವರು ಪ್ರೀತಿಯಿಂದಲೇ ನಡೆಸಿಕೊಂಡರು. ಆದರೂ ಒಂಟಿತನವಿತ್ತು, ಒಂಟಿತನಕ್ಕೆ ತಿನಿಸು ಜೊತೆಯಾಯಿತು. ನಲವತ್ತನಾಲ್ಕನೆಯ ವಯಸ್ಸಿಗೆ ತೂಕ 112 ಕಿಲೋ. ಸಕ್ಕರೆ ಕಾಯಿಲೆ ಬಂದು ಆರು ವರ್ಷಗಳಾಗಿದ್ದವು. ರಾತ್ರಿ ನಿದ್ರೆಯಲ್ಲಿ ಉಸಿರು ಕಟ್ಟಿ ಬೆಚ್ಚಿ ಏಳುತ್ತಿದ್ದರು.

ಸ್ಥೂಲಕಾಯರನ್ನು ಕಂಡ ಕೂಡಲೇ ಜಿಹ್ವಾಚಾಪಲ್ಯದವರೆಂದು ನಿರ್ಣಯಿಸುವುದು ಲೋಕದ ರೂಢಿ. ಭಕ್ತರ ಸಮೂಹವೂ ಇದಕ್ಕೆ ಹೊರತಲ್ಲ, ನಾಲಿಗೆಯ ನಿಗ್ರಹದ ಮಾತು ಹೆಚ್ಚು ಕೇಳುವಲ್ಲಿ ಈ ನಿರ್ಣಯವೂ ಬೇಗ ಬರುತ್ತದೆ. ಆ ಶಿಕ್ಷಕಿ ಮೂರು ಬಾರಿ ಹತ್ತು ಹನ್ನೆರಡು ಕಿಲೋ ಇಳಿಸಿದ್ದರು, ಮೂರು ಬಾರಿಯೂ ಇಳಿಸಿದ್ದಕ್ಕಿಂತ ಹೆಚ್ಚು ಏರಿತ್ತು. ದೇಹವು ತೂಕ ಇಳಿಯುತ್ತಲೇ ಹಸಿವಿನ ರಸಗಳನ್ನು ಹೆಚ್ಚಿಸಿ, ಶಕ್ತಿಯ ವೆಚ್ಚವನ್ನು ತಗ್ಗಿಸಿ ಹಳೆಯ ತೂಕಕ್ಕೇ ಮರಳಲು ಹೆಣಗುತ್ತದೆ ಎಂಬುದು ವೈದ್ಯಶಾಸ್ತ್ರ ಇಂದು ಬಲ್ಲ ಸಂಗತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರ ಪೈಕಿ ನೂರರಲ್ಲಿ ಸುಮಾರು 30 ಮಂದಿ ಅಧಿಕ ತೂಕದವರೆಂದು ಕಂಡುಬಂದಿತ್ತು. ಇಷ್ಟು ಜನರೆಲ್ಲ ಹೊಟ್ಟೆಬಾಕರೆಂದು ಹೇಳುವವರು ಒಮ್ಮೆ ಯೋಚಿಸುವುದು ಒಳ್ಳೆಯದು.

ಅಮೆರಿಕದ ಎಡ್ವರ್ಡ್ ಮೇಸನ್ ಎಂಬ ವೈದ್ಯರು 1966ರಲ್ಲಿ ಜಠರದ ಬೈಪಾಸ್ ಕ್ರಮವನ್ನು ಆರಂಭಿಸಿದಂದಿನಿಂದ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಹಲವು ರೂಪಗಳನ್ನು ಪಡೆದಿದೆ. ನಮ್ಮ ದೇಶದಲ್ಲಿ ನಿತಿನ್ ಗಡ್ಕರಿಯವರು 2011ರಲ್ಲಿ, ಅರುಣ್ ಜೇಟ್ಲಿಯವರು 2014ರಲ್ಲಿ ಇದಕ್ಕೆ ಒಳಗಾದಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಹಲವರ ಸಂಕೋಚ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಶಿಕ್ಷಕಿಗೆ ವೈದ್ಯರು ಸೂಚಿಸಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಕಾಯಿಯ ಆಕಾರದ ಒಂದು ಕಿರಿದಾದ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ತೆಗೆದದ್ದನ್ನು ಮರಳಿ ಜೋಡಿಸಲಾಗದು. 2022ರ ಬೇಸಿಗೆ ರಜೆಯಲ್ಲಿ, ಊರಿನಿಂದ ನೂರು ಕಿಲೋಮೀಟರಿಗೂ ದೂರದ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ನೆರೆಯವರಿಗೆ ಹೇಳಿದ್ದು ಪಿತ್ತಕೋಶದ ಕಲ್ಲೆಂದು.

ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವ ಮುನ್ನ ಒಡವೆಗಳನ್ನೆಲ್ಲ ತೆಗೆಯಬೇಕು. ದಾದಿ ಬೆಳ್ಳಿಯ ಕರಡಿಗೆಯತ್ತ ಕೈ ತೋರಿದಾಗ ಆ ತಾಯಿ ಅಧೀರರಾದರು. ಹುಟ್ಟಿದಂದಿನಿಂದ ಅಂಗವನ್ನು ಅಗಲದಿದ್ದ ಲಿಂಗ ಅದು. ಅರಿವಳಿಕೆಯ ವೈದ್ಯರು ವಿಷಯವನ್ನು ಕೇಳಿ ತಿಳಿದು, ಲೋಹ ಮಾತ್ರ ಬೇಡ ಎಂದರು. ಕರಡಿಗೆಯನ್ನು ತಾಯಿಯ ಕೈಗೆ ಕೊಟ್ಟು, ಇಷ್ಟಲಿಂಗವನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿ ಒಳಗೆ ಕರೆದೊಯ್ದರು. ಕೇಳಿದರೆ ದಾರಿಯುಂಟು, ಬಹಳ ಜನ ಕೇಳುವುದೇ ಇಲ್ಲ.

ಎಚ್ಚರವಾದ ಮೇಲೆ ಅವರಿಗೆ ಮೊದಲು ಗೋಚರಿಸಿದ್ದು ನೋವಲ್ಲ, ಹಸಿವಿನ ಇಲ್ಲದಿರುವಿಕೆ. ಹಸಿವನ್ನು ಪ್ರಚೋದಿಸುವ ಘ್ರೆಲಿನ್ ಎಂಬ ರಸ ಮುಖ್ಯವಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ. ಆ ಭಾಗವೇ ಹೋಗಿತ್ತು. ಅಕ್ಕಮಹಾದೇವಿಯವರು ಹಸಿವನ್ನು ಎದುರಿಗೆ ನಿಲ್ಲಿಸಿಕೊಂಡು ಮಾತನಾಡಿಸಿ ತಡೆದದ್ದು ಅವರಿಗೆ ನೆನಪಾಯಿತು. ಅಕ್ಕನವರು ನಿಷ್ಠೆಯಿಂದ ಸಾಧಿಸಿದ್ದು ತನಗೆ ಕತ್ತರಿಯಿಂದ ದೊರೆಯಿತು ಎಂದು ಮೊದಮೊದಲು ಹಿಗ್ಗಿದರಂತೆ. ಆ ಹಿಗ್ಗು ತಪ್ಪೆಂದು ಅವರೇ ಮುಂದೆ ಅರಿತರು. ಹಸಿವು ಇಲ್ಲದಿರುವುದು ಬೇರೆ, ಆಸೆ ಇಲ್ಲದಿರುವುದು ಬೇರೆ.

ಮೊದಲ ಎರಡು ವಾರ ದ್ರವಾಹಾರವೊಂದೇ. ಕರಾವಳಿಯ ಕುಚ್ಚಲಕ್ಕಿ ಗಂಜಿಯ ತಿಳಿ, ಬೇಳೆಯ ಕಟ್ಟು, ನೀರು ಮಜ್ಜಿಗೆ. ಹದಿನೈದು ವರ್ಷ ಈ ಊರಿನಲ್ಲಿದ್ದರೂ ಗಂಜಿಯನ್ನು ಬಡವರ ಊಟವೆಂದು ದೂರವಿಟ್ಟಿದ್ದ ಘಟ್ಟದ ಹೆಣ್ಣುಮಗಳಿಗೆ ಅದೇ ಆಧಾರವಾಯಿತು. ಬಳಿಕ ನುಣ್ಣಗೆ ಅರೆದ ಆಹಾರ, ಆಮೇಲೆ ಮೆತ್ತಗಿನದು, ಎರಡು ತಿಂಗಳು ಕಳೆಯುವ ಹೊತ್ತಿಗೆ ಸಾಮಾನ್ಯ ಊಟ. ಸಾಮಾನ್ಯವೆಂದರೆ ಒಂದು ಪುಟ್ಟ ಬಟ್ಟಲು. ಊಟದೊಡನೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆಯ ಅಂತರವಿರಬೇಕು. ಪ್ರತಿ ತುತ್ತನ್ನೂ ಹಿಟ್ಟಾಗುವವರೆಗೆ ಅಗಿಯಬೇಕು. ಅವಸರಿಸಿದರೆ ಎದೆಯ ನಡುವೆ ಕಲ್ಲು ಕೂತಂತಾಗಿ, ಬಾಯಲ್ಲಿ ನೀರೂರಿ, ನುಂಗಿದ್ದೆಲ್ಲ ಹೊರಬರುತ್ತಿತ್ತು. ಕಟಿ ರೊಟ್ಟಿಯಂತೂ ಇಳಿಯುತ್ತಲೇ ಇರಲಿಲ್ಲ; ತವರಿನಿಂದ ಬಂದ ರೊಟ್ಟಿಯ ಗಂಟನ್ನು ಬಿಚ್ಚಿ, ವಾಸನೆ ನೋಡಿ, ಪಕ್ಕದ ಮನೆಗೆ ಕೊಟ್ಟರು. ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದಂತೆ ಪ್ರೋಟೀನ್ ಸೇರಬೇಕು. ಸಸ್ಯಾಹಾರಿಗೆ ಇದು ಸುಲಭವಲ್ಲ. ಹೊಟ್ಟೆಯಲ್ಲಿ ಇರುವಷ್ಟು ಜಾಗ ಬೇಳೆ, ಮೊಳಕೆಕಾಳು, ಮೊಸರು, ಪನೀರಿಗೇ ಸಾಲದು. ಅನ್ನದ ಸರದಿ ಕೊನೆಯಲ್ಲಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಮತ್ತು ರಕ್ತಪರೀಕ್ಷೆ ಜೀವನಪರ್ಯಂತ.

ಇವೆಲ್ಲಕ್ಕಿಂತ ಕಠಿಣವಾದದ್ದು ಒಂದಿತ್ತು. 2023ರ ಜನವರಿಯಲ್ಲಿ ತವರಿನ ಮಠದ ಜಾತ್ರೆಗೆ ಹೋದರು. ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ಬಡಿಸುವವರು ಎಂದಿನ ಔದಾರ್ಯದಿಂದ ಹುಗ್ಗಿ, ಪಲ್ಯ, ಅನ್ನವನ್ನು ಸುರಿದು ಮುಂದೆ ಸಾಗಿದರು. ಆರು ತುತ್ತಿಗೆ ಒಡಲು ತುಂಬಿತು. ಏಳನೆಯದನ್ನು ಬಾಯಿಗಿಟ್ಟು ನುಂಗಲಾಗದೆ ಕುಳಿತರು. ಎದುರಿಗಿದ್ದ ಹಿರಿಯ ತಾಯಿಯೊಬ್ಬರು ನೋಡಿ, ಪ್ರಸಾದವನ್ನು ಎಡೆಯಲ್ಲಿ ಬಿಟ್ಟು ಏಳುವುದನ್ನು ಯಾವ ಶಾಲೆಯಲ್ಲಿ ಕಲಿಸಿದೆಯವ್ವಾ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

ಆ ಮಾತು ಚುಚ್ಚಲು ಕಾರಣವಿತ್ತು. ಅವರ ಅಜ್ಜಿ ಉಂಡ ತಟ್ಟೆಯನ್ನು ತೊಳೆದು ಕುಡಿಯುತ್ತಿದ್ದವರು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು, ಷಟ್‌ಸ್ಥಲಗಳಲ್ಲಿ ಪ್ರಸಾದಿಯದೇ ಒಂದು ಸ್ಥಲ. ಪ್ರಸಾದದ ಒಂದು ಅಗುಳನ್ನೂ ಚೆಲ್ಲಬಾರದೆಂಬ ನೇಮದಲ್ಲಿ ಬೆಳೆದವರು ಹೊಟ್ಟೆ ತುಂಬಿದ ಮೇಲೂ ತಟ್ಟೆ ಬರಿದಾಗುವವರೆಗೆ ಉಣ್ಣುತ್ತಾರೆ. ಈ ಶಿಕ್ಷಕಿಯೂ ನಲವತ್ತು ವರ್ಷ ಹಾಗೆಯೇ ಉಂಡಿದ್ದರು. ಮಕ್ಕಳು ಬಿಟ್ಟದ್ದನ್ನೂ, ಮನೆಯವರು ಬಿಟ್ಟದ್ದನ್ನೂ ಸೇರಿಸಿಕೊಂಡು. ತಮ್ಮ ಭಕ್ತಿಯೇ ತಮ್ಮ ತೂಕದಲ್ಲಿ ಪಾಲು ಪಡೆದಿತ್ತೇ ಎಂಬ ಪ್ರಶ್ನೆ ಅಂದು ಆ ಪಂಕ್ತಿಯಲ್ಲಿ ಅವರ ಮನಸ್ಸಿಗೆ ಬಂತು.

ಪ್ರಶ್ನೆ ಕಠೋರ, ಅಲ್ಲಗಳೆಯುವುದು ಸುಲಭವಲ್ಲ. ಆದರೆ ಶರಣರು ಹೇಳಿದ ಪ್ರಸಾದ ಮತ್ತು ಎಲೆಯಲ್ಲಿ ಮಿಕ್ಕಿದ್ದನ್ನು ತುರುಕಿಕೊಳ್ಳುವ ಅಭ್ಯಾಸ ಇವೆರಡೂ ಒಂದೇ ಅಲ್ಲ. ಪದಾರ್ಥವು ಪ್ರಸಾದವಾಗುವುದು ಲಿಂಗಕ್ಕೆ ಅರ್ಪಿತವಾಗಿ. ಅರ್ಪಿಸುವವನಿಗೆ ರೂಪು, ರುಚಿ, ತೃಪ್ತಿಗಳ ಅವಧಾನವಿರಬೇಕು. ತೃಪ್ತಿಯಾದ ಮೇಲೂ ಉಣ್ಣುವವನ ಅವಧಾನ ಎಲ್ಲಿ ಉಳಿಯಿತು? ಚೆಲ್ಲಬಾರದೆಂಬ ನೇಮವನ್ನು ಪಾಲಿಸಬೇಕಾದ್ದು ಉಣ್ಣುವ ಕೊನೆಯಲ್ಲಲ್ಲ, ನೀಡಿಸಿಕೊಳ್ಳುವ ಮೊದಲಲ್ಲಿ. ಲಕ್ಕಮ್ಮನವರು ಹೆಚ್ಚಾದ ಅಕ್ಕಿಯನ್ನು ಬೇಯಿಸಿ ಹೇಗಾದರೂ ಉಂಡು ಮುಗಿಸೋಣ ಎನ್ನಲಿಲ್ಲ. ಒಲೆಗೆ ಏರುವ ಮುನ್ನವೇ ಹಿಂದಿರುಗಿಸಿದರು. ಶಿಕ್ಷಕಿ ಅಂದು ಉಳಿದ ಪ್ರಸಾದವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ರಾತ್ರಿಯವರೆಗೂ ಸ್ವಲ್ಪ ಸ್ವಲ್ಪವೇ ಉಂಡು ಮುಗಿಸಿದರು. ಮರುದಿನ ತಮ್ಮದೇ ಪುಟ್ಟ ಬಟ್ಟಲನ್ನು ಒಯ್ದು, ಬಡಿಸುವವರ ಸೌಟನ್ನು ತಡೆದು, ಇಷ್ಟು ಸಾಕೆಂದರು. ಹಿರಿಯ ತಾಯಿ ಮತ್ತೆ ಎದುರಿಗೇ ಇದ್ದರು. ಬಟ್ಟಲು ಬರಿದಾದದ್ದನ್ನು ನೋಡಿ ಅವರೇನೂ ಅನ್ನಲಿಲ್ಲ, ಮೆಚ್ಚಿದಂತೆಯೂ ತೋರಲಿಲ್ಲ.

ಕನ್ನಡಿಯ ಕಥೆ ಬೇರೆ. ಒಂದೂವರೆ ವರ್ಷದಲ್ಲಿ ತೂಕ 79ಕ್ಕೆ ಇಳಿಯಿತು. ಸಕ್ಕರೆಯ ಮಾತ್ರೆ ನಿಂತಿತು, ಸಮುದ್ರದ ದಂಡೆಯವರೆಗೆ ನಡೆದು ಹೋಗಿ ಏದುಸಿರಿಲ್ಲದೆ ಮರಳುವಂತಾಯಿತು. ಆದರೆ ನಾಲ್ಕನೆಯ ತಿಂಗಳಿನಿಂದ ಕೂದಲು ಹಿಡಿಹಿಡಿಯಾಗಿ ಉದುರಿತು. ಅದು ಮರಳಿ ಬರುತ್ತದೆಂದು ವೈದ್ಯರು ಹೇಳಿದ್ದರು, ಬಂದಿತು ಕೂಡ. ಜೋತುಬಿದ್ದ ಚರ್ಮ ಮಾತ್ರ ಹೋಗಲಿಲ್ಲ. ಬಸ್ಸಿನಲ್ಲಿ ಇಬ್ಬರ ಆಸನ ಖಾಲಿಯಿದ್ದರೂ ಒಬ್ಬರ ಪಕ್ಕ ಕೂರಲು ಹಿಂಜರಿದು ನಿಂತೇ ಪ್ರಯಾಣಿಸುತ್ತಿದ್ದರು. ಬಾಗಿಲಲ್ಲಿ ಓರೆಯಾಗಿ ನುಸುಳುವ ಅಭ್ಯಾಸ ಬಿಡಲಿಲ್ಲ. ದೇಹ ಕರಗಿದ ವೇಗದಲ್ಲಿ ಮನಸ್ಸಿನೊಳಗಣ ದೇಹ ಕರಗುವುದಿಲ್ಲ. ಊರಿನವರಿಗೋ ಇದು ಆತಂಕದ ವಿಷಯ. ಎಂತಾಯ್ತ್ ಟೀಚರ್ರೆ, ಇಷ್ಟ್ ಸೊರ್ಗಿದ್ರಿ ಎಂದು ಹೂವು ಮಾರುವವರೂ ಕೇಳಿದರು.

ಬಸವಣ್ಣನವರು ಶರೀರವನ್ನೇ ಶಿವಾಲಯವಾಗಿ ಕಂಡರು. ಆ ಭಾವವನ್ನು ಇಂದು ವ್ಯಾಯಾಮದ ಜಾಹೀರಾತಿನಂತೆ ಬಳಸುವವರಿದ್ದಾರೆ. ಆಲಯವಾಗಲು ಕಾಯಕ್ಕೆ ಇಂತಿಷ್ಟೇ ಸುತ್ತಳತೆಯಿರಬೇಕೆಂದು ಶರಣರು ಎಲ್ಲಿಯೂ ವಿಧಿಸಲಿಲ್ಲ. 112 ಕಿಲೋ ಇದ್ದಾಗಲೂ ಆ ತಾಯಿ ಲಿಂಗಪೂಜೆಗೆ ಅರ್ಹರೇ ಆಗಿದ್ದರು. ಅವರು ಶಸ್ತ್ರಚಿಕಿತ್ಸೆಗೆ ಹೋದದ್ದು ರೋಗದ ನಿವಾರಣೆಗೆ. ಇದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಎರಡು ವರ್ಷ ಬೇಕಾಯಿತು, ಅಷ್ಟರಲ್ಲಿ ಒಂದು ಪ್ರಮಾದ ನಡೆದುಹೋಯಿತು.

ಅದೇ ಶಾಲೆಯ ಸಹೋದ್ಯೋಗಿಯೊಬ್ಬರೂ ಸ್ಥೂಲಕಾಯದವರು. ಹೇಗೆ ಇಳಿಸಿದಿರಿ ಎಂದು ಅವರು ಪದೇ ಪದೇ ಕೇಳಿದರು. ಅನ್ನ ಬಿಟ್ಟೆ, ದಿನವೂ ಗಂಜಿಯ ತಿಳಿ ಕುಡಿದೆ, ಕಡಲತೀರದಲ್ಲಿ ನಡೆದೆ ಎಂದು ಇವರು ಉತ್ತರಿಸಿದರು. ಒಂದೊಂದು ಮಾತೂ ನಿಜ, ಒಟ್ಟಿನಲ್ಲಿ ಸುಳ್ಳು. ಆ ಸಹೋದ್ಯೋಗಿ ಮೂರು ವಾರ ಗಂಜಿಯ ತಿಳಿಯಲ್ಲೇ ದಿನ ಕಳೆದು, ಸಕ್ಕರೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ, ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ಕುಸಿದು ಬಿದ್ದರು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು. ಹಾಸಿಗೆಯ ಪಕ್ಕದಲ್ಲಿ ಕುಳಿತು ಶಿಕ್ಷಕಿ ನಡೆದದ್ದನ್ನೆಲ್ಲ ಹೇಳಿದರು. ಆಕೆ ಗೋಡೆಯತ್ತ ಮುಖ ತಿರುಗಿಸಿದರು. ಮುಂದೆ ಹಲವು ತಿಂಗಳು ಮಾತು ಬಿಟ್ಟರು. ಆ ಸ್ನೇಹ ಇಂದಿಗೂ ಮೊದಲಿನಂತಿಲ್ಲ.

2024ರಲ್ಲಿ ತೂಕ ಮತ್ತೆ 84ಕ್ಕೆ ಏರಿತು. ಕಿರಿದಾದ ಜಠರ ರೊಟ್ಟಿಯನ್ನು ತಡೆಯುತ್ತದೆ, ಪಾಯಸವನ್ನು ತಡೆಯುವುದಿಲ್ಲ. ಬೆಲ್ಲದ ಪಾನಕ, ಐಸ್‌ಕ್ರೀಂ ಸಲೀಸಾಗಿ ಇಳಿಯುತ್ತವೆ. ಒಂಟಿತನ ಹಾಗೆಯೇ ಇತ್ತು, ಅದು ಬೇರೊಂದು ದಾರಿಯನ್ನು ಹುಡುಕಿಕೊಂಡಿತ್ತು. ಹಲವರಲ್ಲಿ ಎರಡನೆಯ ವರ್ಷದಿಂದ ಸ್ವಲ್ಪ ತೂಕ ಮರಳುವುದುಂಟೆಂದು ವೈದ್ಯರು ಸಮಾಧಾನ ಹೇಳಿ, ಆಹಾರತಜ್ಞರ ಬಳಿಗೂ ಆಪ್ತಸಮಾಲೋಚಕರ ಬಳಿಗೂ ಕಳುಹಿಸಿದರು. ಎರಡನೆಯವರ ಬಳಿಗೆ ಮೊದಲೇ ಹೋಗಬೇಕಿತ್ತು ಎಂದು ಅವರು ಈಗ ಎಲ್ಲರಿಗೂ ಹೇಳುತ್ತಾರೆ.

ಇನ್ನೊಂದು ಸಂಗತಿ. ತೂಕ ಹೆಚ್ಚಿದ್ದ ಕಾಲದಲ್ಲಿ ಅವರು ಶಿವದಾರವನ್ನು ಉದ್ದ ಮಾಡಿಸಿಕೊಂಡಿದ್ದರು. 2023ರ ಶಿವರಾತ್ರಿಯಂದು ಪೂಜೆಗೆ ಕುಳಿತಾಗ ಕರಡಿಗೆ ನಾಭಿಗಿಂತ ಕೆಳಗೆ ಜೋಲುತ್ತಿರುವುದು ಕಂಡಿತು. ಲಿಂಗವು ನಾಭಿಯಿಂದ ಕೆಳಗಿಳಿಯಬಾರದೆಂಬುದು ಸಂಪ್ರದಾಯ. ದಾರವನ್ನು ಕತ್ತರಿಸಿ ಗಿಡ್ಡ ಮಾಡೋಣವೆಂದು ತಾಯಿ ಕತ್ತರಿ ತಂದರು. ಮಗಳು ಬೇಡವೆಂದು, ಎರಡು ಗಂಟು ಹಾಕಿ, ಮಿಕ್ಕ ದಾರವನ್ನು ಹಾಗೆಯೇ ಬಿಟ್ಟರು. 2025ರ ಶಿವರಾತ್ರಿಯ ಹೊತ್ತಿಗೆ ಅದರಲ್ಲಿ ಒಂದು ಗಂಟನ್ನು ಸಡಿಲಿಸಿದ್ದರು.