ಮೂರೂವರೆ ಗಂಟೆಯ ದೂರ

ದುಬೈ ಎಷ್ಟು ದೂರ ಎಂದು ಕೇಳಿದರೆ ನಾವು ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ‘ಮೂರೂವರೆ ಗಂಟೆ’ ಎನ್ನುತ್ತೇವೆ. ಮಂಗಳೂರಿನ ಬಜ್ಪೆಯಿಂದ ದುಬೈ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 2,460 ಕಿ.ಮೀ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹಾಗಾಗಿ ಇಲ್ಲಿಂದ ಬೆಳಿಗ್ಗೆ ಹತ್ತಕ್ಕೆ ಹೊರಟವನು ಅಲ್ಲಿನ ಹನ್ನೆರಡಕ್ಕೆ ಇಳಿಯುತ್ತಾನೆ. ಅಲ್ಲಿಂದ ಹತ್ತಕ್ಕೆ ಹೊರಟವನು ಇಲ್ಲಿ ಇಳಿಯುವಾಗ ಮಧ್ಯಾಹ್ನ ಮೂರು. ಹೋಗುವುದು ಬೇಗ, ಬರುವುದು ತಡ. ಗಲ್ಫಿಗೆ ಮಕ್ಕಳನ್ನು ಕಳುಹಿಸಿದ ಮನೆಗಳಿಗೆ ಇದನ್ನು ಗಡಿಯಾರ ಹೇಳಿಕೊಡಬೇಕಾಗಿಲ್ಲ.

2006ರ ಅಕ್ಟೋಬರಿನಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾಗುವ ಮೊದಲು ನಮ್ಮಲ್ಲಿ ಹೆಚ್ಚಿನವರು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಮುಂಬಯಿಗೆ ಹೋಗಿ ವಿಮಾನ ಹತ್ತುತ್ತಿದ್ದರು. ಆಮೇಲೆ ದಾರಿ ಹತ್ತಿರವಾಯಿತು. ಆದರೆ ಆ ದಾರಿಯೂ ಎಲ್ಲರನ್ನೂ ಮನೆ ಮುಟ್ಟಿಸಲಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಬಿದ್ದಾಗ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಕಡಲು ದಾಟಿ ಊರಿನ ಮಣ್ಣು ಮುಟ್ಟಿದ್ದರು, ಮನೆ ಮುಟ್ಟಲಿಲ್ಲ.

2014ರ ಚಳಿಗಾಲದಲ್ಲಿ ಒಂದು ದಿನ ಫಜ್ರ್‌ಗೆ ಮೊದಲು ಉಡುಪಿಯ ನಮ್ಮ ಮನೆಯಲ್ಲಿ ಅಬ್ಬಾ ತೀರಿಕೊಂಡರು. ತಮ್ಮ ದುಬೈಯಲ್ಲಿದ್ದ. ‘ಭಾಯ್, ನಾನು ಬರುವವರೆಗೆ ಕಾಯಿರಿ’ ಎಂದ. ಮೂರೂವರೆ ಗಂಟೆ ತಾನೇ, ಮಧ್ಯಾಹ್ನಕ್ಕೆ ಮುಟ್ಟುತ್ತಾನೆ ಎಂದು ನಾವು ಲೆಕ್ಕ ಹಾಕಿದೆವು. ಅವನ ಪಾಸ್‌ಪೋರ್ಟ್ ಕಂಪೆನಿಯ ಕಪಾಟಿನಲ್ಲಿತ್ತು. ನೌಕರನ ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳಲು ಅಲ್ಲಿನ ಕಾನೂನು ಬಿಡುವುದಿಲ್ಲ, ಆದರೂ ಇಡುತ್ತಾರೆ. ಕೀಲಿ ಇದ್ದವರು ಕಚೇರಿಗೆ ಬರಬೇಕು, ರಜೆಗೆ ಸಹಿ ಬೀಳಬೇಕು, ಟಿಕೆಟ್ ಸಿಗಬೇಕು. ಕೊನೆಗೆ ಸಿಕ್ಕಿದ್ದು ಅಲ್ಲಿನ ಮಧ್ಯಾಹ್ನ ಒಂದು ಗಂಟೆಯ ವಿಮಾನ. ಬಜ್ಪೆಯಲ್ಲಿ ಇಳಿಯುವಾಗ ಸಂಜೆ ಆರು, ಉಡುಪಿ ಮುಟ್ಟುವಾಗ ಇಶಾ.

ಮಯ್ಯಿತನ್ನು ತಡಮಾಡಬಾರದು ಎಂಬುದು ನಮಗೂ ಗೊತ್ತಿತ್ತು. ಝುಹರ್‌ಗೆಂದು ಇಟ್ಟುಕೊಂಡದ್ದನ್ನು ಅಸರ್‌ಗೆ ಮುಂದೂಡಿದೆವು. ಅದಕ್ಕೂ ಆಚೆ ಹೋಗಲು ಹಿರಿಯರು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನಾವೂ ಒತ್ತಾಯಿಸಲಿಲ್ಲ. ಬೆಳಿಗ್ಗೆಯಿಂದ ಕುಳಿತಿದ್ದ ನೆಂಟರ ಮುಖ ನೋಡಿ ಸುಮ್ಮನಾದೆವು. ನಾವು ಮೂರು ಹಿಡಿ ಮಣ್ಣು ಹಾಕುವಾಗ ಅವನು ಅರಬೀ ಸಮುದ್ರದ ಮೇಲಿದ್ದ.

ರಾತ್ರಿ ಟಾರ್ಚ್ ಹಿಡಿದು ಅವನನ್ನು ಕಬರಸ್ತಾನಕ್ಕೆ ಕರೆದೊಯ್ದೆವು. ಹಸಿ ಮಣ್ಣಿನ ಮೇಲೆ ಕೈಯಿಟ್ಟು ತುಂಬಾ ಹೊತ್ತು ಕುಳಿತ. ದುಆ ಮುಗಿಸಿ ಏಳುವಾಗ, ‘ಇನ್ನು ನಾಲ್ಕು ಗಂಟೆ ಕಾಯಬಹುದಿತ್ತಲ್ಲ ಭಾಯ್’ ಎಂದ. ನಾವು ಉತ್ತರ ಕೊಡಲಿಲ್ಲ. ಇವತ್ತು ಕೇಳಿದರೂ ನಮ್ಮಲ್ಲಿ ಉತ್ತರವಿಲ್ಲ.

ಮೊನ್ನೆ ಅಕ್ಕನ ಮಗ ದುಬೈಯಲ್ಲಿ ಕೆಲಸ ಸಿಕ್ಕಿತೆಂದು ಸಿಹಿ ತಂದ. ಸಂಬಳ ಎಷ್ಟೆಂದು ಎಲ್ಲರೂ ಕೇಳಿದರು. ಅಮ್ಮಿ ಮಾತ್ರ ಅವನ ಕೈ ಹಿಡಿದು, ‘ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ ಮಗಾ?’ ಎಂದು ಕೇಳಿದರು.