ಎರಡೇ ದಶಮಾಂಶ

ನಮ್ಮೂರು ಹಿರೇಕೆರೂರು ತಾಲೂಕಿನ ಹಂಸಭಾವಿ. ಮುಂಗಾರು ಹತ್ತಿರ ಬಂತಂದ್ರೆ ಅಪ್ಪನ ಫೋನ್ ಬರುತ್ತೆ: "ಗೋವಿನಜೋಳ ಬಿತ್ಬೇಕು. ಮಳಿ ಯಾವಾಗ ಐತಿ ನೋಡಿ ಹೇಳಪಾ." ನಾನು ಆ್ಯಪ್ ನೋಡಿ ಹೇಳ್ತೀನಿ. ಆ ಉತ್ತರದ ಹಿಂದಿರುವ ಪ್ರೋಗ್ರಾಂಗೆ ಯಾರು ಹೊಣೆ ಅಂತ ಯೋಚಿಸಿದ್ದು ಮಾತ್ರ ಈ ಸೆಮಿಸ್ಟರ್‌ನಲ್ಲಿ, ಅದೂ ಒಂದು ತಪ್ಪು ಮಾಡಿದ ಮೇಲೆ.

ಮಿನಿ ಪ್ರಾಜೆಕ್ಟ್‌ಗೆ ಲೋಹದ ತಗಡಿನಲ್ಲಿ ಶಾಖ ಹರಡೋದನ್ನ ಲೆಕ್ಕ ಹಾಕುವ ಪ್ಯಾರಲಲ್ ಪ್ರೋಗ್ರಾಂ ಬರೆದಿದ್ವಿ. ಒಂದು ಕೋರ್‌ನಲ್ಲಿ ಒಂದು ಉತ್ತರ, ನಾಲ್ಕರಲ್ಲಿ ಇನ್ನೊಂದು. ಮೂರನೇ ದಶಮಾಂಶದಿಂದ ಬೇರೆ. ಮರುದಿನ ವೈವಾ. ಎರಡೇ ದಶಮಾಂಶ ಪ್ರಿಂಟ್ ಆಗೋ ಹಾಗೆ ಮಾಡಿದೆ. ಯಾರೂ ಕೇಳಲಿಲ್ಲ, ಮಾರ್ಕ್ಸೂ ಬಂತು.

ಆಮೇಲೆ ಬೆಂಗಳೂರಿನ ಎನ್‌ಎಎಲ್‌ನ ಫ್ಲೋಸಾಲ್ವರ್ ಬಗ್ಗೆ ಓದಿದೆ. 1986ರಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ, ಯು. ಎನ್. ಸಿನ್ಹಾ ನೇತೃತ್ವದ ತಂಡ ಇಂಟೆಲ್ 8086 ಪ್ರೊಸೆಸರ್‌ಗಳನ್ನು ಜೋಡಿಸಿ ಕಟ್ಟಿದ ಪ್ಯಾರಲಲ್ ಕಂಪ್ಯೂಟರ್ ಅದು. ಮುಂದೆ ಅದೇ ತಂಡ, ದೆಹಲಿಯಲ್ಲಿ ಕ್ರೇ ಸೂಪರ್‌ಕಂಪ್ಯೂಟರ್ ಮೇಲೆ ಓಡುತ್ತಿದ್ದ ಹವಾಮಾನ ಮಾದರಿಯನ್ನು ತಮ್ಮ ಯಂತ್ರಕ್ಕೆ ತಂದಿತು. ಅದನ್ನು ಫೋರ್ಟ್ರಾನ್ 90ರಲ್ಲಿ ಹೊಸದಾಗಿ ಬರೆದು 'ವರ್ಷ' ಎಂಬ ಮಾದರಿಯನ್ನೂ ರೂಪಿಸಿತು.

ಇಂಥ ಕೆಲಸ ಅಂದ್ರೆ ಕೋಡ್ ವೇಗವಾಗಿ ಓಡಿಸೋದು ಅಂತ ತಿಳಿದಿದ್ದೆ. ಅದು ಅರ್ಧ ಮಾತ್ರ. ಕಂಪ್ಯೂಟರ್‌ನಲ್ಲಿ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಕೊನೆಯ ಅಂಕಿಗಳು ಬದಲಾಗುತ್ತವೆ. ಹವಾಮಾನದ ಸಮೀಕರಣಗಳಲ್ಲಿ ಅಷ್ಟು ಸಣ್ಣ ವ್ಯತ್ಯಾಸವೂ ದಿನ ಕಳೆದಂತೆ ಬೆಳೆಯುತ್ತದೆ. ಯಾವುದು ಬರೀ ರೌಂಡಿಂಗ್, ಯಾವುದು ನಿಜವಾದ ಬಗ್ ಅಂತ ಬೇರ್ಪಡಿಸಬೇಕು. ಗೊತ್ತಾಗೋ ತನಕ "ಸರಿ ಇದೆ" ಅನ್ನಬಾರದು. ತಂಡದ ಮುಂದಾಳು ಹೊರೋದು ಆ ಹೊಣೆ.

ನನ್ನ ಕೋಡ್ ಮತ್ತೆ ತೆಗೆದೆ. ಮೂರನೇ ದಶಮಾಂಶದ ವ್ಯತ್ಯಾಸ ರೌಂಡಿಂಗ್ ಆಗಿರಲಿಕ್ಕೆ ಸಾಧ್ಯವೇ ಇರಲಿಲ್ಲ. ಪ್ರತಿ ಕೋರ್ ತನ್ನ ಪಕ್ಕದ ಕೋರ್‌ನ ಅಂಚಿನ ಸಾಲನ್ನು ಒಂದು ಹೆಜ್ಜೆ ಹಳೇದೇ ಓದ್ತಿತ್ತು. ಒಂದೇ ಸಾಲು ಆಚೀಚೆ ಮಾಡಿದೆ, ಸರಿಹೋಯ್ತು. ಮೇಡಂಗೆ ಹೋಗಿ ಹೇಳಿದೆ. ಮಾರ್ಕ್ಸ್ ಕಡಿಮೆ ಮಾಡಲಿಲ್ಲ; "ರಿಪೋರ್ಟ್‌ನಲ್ಲಿ ಇದನ್ನೂ ಬರಿ" ಅಂದ್ರು.

ಮೊನ್ನೆ ಅಪ್ಪ ಮತ್ತೆ ಕೇಳಿದ. ಈ ಸಲ "ನಾಳಿ ಬರ್ತೈತಿ" ಅನ್ನಲಿಲ್ಲ. "ಅರವತ್ತು ಪರ್ಸೆಂಟ್ ಐತಿ" ಅಂದೆ.

"ಅಂದ್ರ ಅವರಿಗೂ ಖಾತ್ರಿ ಇಲ್ಲನು?"

"ಎಷ್ಟು ಖಾತ್ರಿ ಇಲ್ಲ ಅನ್ನೋದು ಗೊತ್ತೈತಪಾ ಅವರಿಗೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರ ಅರ್ಧಾ ಹೊಲ ಬಿತ್ತತೀನಿ" ಅಂದ.